ಡಬ್ಬಿಯೊಳಗಿನ ದೊಡ್ಡ ಸಾಹೇಬರು

ವೈರ್‌ಲೆಸ್ ಸ್ಪೀಕರಿಗೆ ವೈರು ಯಾಕೆ ಬೇಕು? ಜಗತ್ತಿನಲ್ಲಿ ಈ ಪ್ರಶ್ನೆಯನ್ನು ಮೊಟ್ಟಮೊದಲು ಕೇಳಿದವನು ನಾನೇ ಎಂದು ಕಳೆದ ಜುಲೈ ತಿಂಗಳಿಡೀ ಎದೆಯುಬ್ಬಿಸಿಕೊಂಡು ಓಡಾಡಿದೆ. ಉತ್ತರ ಆಗಸ್ಟಿನಲ್ಲಿ ಸಿಕ್ಕಿತು. ಎದೆ ಈಗ ಮೊದಲಿನ ಅಳತೆಗೆ ಬಂದಿದೆ.

ನನ್ನ ಹೆಸರು ಬುದ್ಧಪ್ರಿಯ. ಶಹಾಪುರದ ಒಂದು ಕಚೇರಿಯಲ್ಲಿ ಗುಮಾಸ್ತ. ಯಾವ ಕಚೇರಿ ಎಂದು ಕೇಳಬೇಡಿ; ಯಾಕೆ ಹೇಳಲಿಲ್ಲ ಎಂದು ಓದಿ ಮುಗಿಸುವಷ್ಟರಲ್ಲಿ ನಿಮಗೇ ತಿಳಿಯುತ್ತದೆ. ಹೆಂಡತಿ ಪರಿಮಳಾ ಸುರಪುರದ ಹೈಸ್ಕೂಲಿನಲ್ಲಿ ಗಣಿತದ ಟೀಚರ್. ಬೆಳಿಗ್ಗೆ ಎಂಟರ ಬಸ್ಸಿಗೆ ಹೋದರೆ ಸಂಜೆ ಆರಕ್ಕೆ ಬರುತ್ತಾಳೆ. ಹಗಲೆಲ್ಲ ಮನೆಯಲ್ಲಿ ಇರುವವಳು ನಮ್ಮವ್ವ ಕರೆಮ್ಮ ಒಬ್ಬಳೇ. ಎಪ್ಪತ್ತೆರಡು ವರ್ಷ. ಒಂದು ಕಣ್ಣಿನ ಪೊರೆ ತೆಗೆಸಿದ್ದಾಗಿದೆ, ಅದರ ಮಂಜು ಇನ್ನೂ ಬಿಟ್ಟಿಲ್ಲ; ಇನ್ನೊಂದು ಬಾಕಿ. ಟಿವಿ ಕಾಣಿಸುವುದಿಲ್ಲವಲ್ಲ ಎಂದು ಪರಿಮಳಾ ಮೂರು ಸ್ಪೀಕರ್ ತರಿಸಿದ್ದಳು. ಹಾಲಿಗೊಂದು, ಅಡುಗೆಮನೆಗೊಂದು, ಅವ್ವನ ಕೋಣೆಗೊಂದು. ಒಂದು ಸಲ ಗುಂಡಿ ಒತ್ತಿದರೆ ಹಾಡು, ಎರಡು ಸಲ ಒತ್ತಿದರೆ ಸುದ್ದಿ. ನೋಡಲು ಉಪ್ಪಿನ ಡಬ್ಬಿಯಷ್ಟಿದ್ದವು. ಅವ್ವ ಅವನ್ನು ಡಬ್ಬಿ ಎಂದೇ ಕರೆದಳು.

ಡಬ್ಬಿಗಳು ಬಂದ ಮೇಲೆ ಅವ್ವನ ದಿನಕ್ಕೊಂದು ಟೈಮ್ ಟೇಬಲ್ ಬಂತು. ಬೆಳಿಗ್ಗೆ ಬುದ್ಧವಂದನೆ, ಹನ್ನೊಂದಕ್ಕೆ ಭೀಮಗೀತೆ, ಮಧ್ಯಾಹ್ನ ಎರಡಕ್ಕೆ ಪಕ್ಕದ ಮನೆಯ ಅನ್ವರಬಿ ಬಂದು ಕಣ್ಣಿಗೆ ಔಷಧ ಬಿಟ್ಟಮೇಲೆ ಇಬ್ಬರೂ ಕೂಡಿ ತತ್ವಪದ ಕೇಳುವುದು. ಸುದ್ದಿ ಓದುವವಳ ಜೊತೆ ಅವ್ವ ಜಗಳವನ್ನೂ ಆಡುತ್ತಿದ್ದಳು. "ಮಳಿ ಬರ್ತದ ಅಂತ ನಿನ್ನಿನೂ ಹೇಳಿದಿ, ಎಲ್ಲಿ ಬಂತವ್ವಾ?" ಎಂದು ಡಬ್ಬಿಗೆ ಕೈ ಮಾಡಿ ಕೇಳುತ್ತಿದ್ದಳು. ಒಟ್ಟಿನಲ್ಲಿ ಮನೆಯಲ್ಲಿ ಶಾಂತಿ ಇತ್ತು.

ಆ ಶಾಂತಿಯನ್ನು ಒಂದು ಲಾರಿ ಕೆಡಿಸಿತು. ಮುಗಿಲೆತ್ತರ ಮೇವು ಹೇರಿಕೊಂಡು ನಮ್ಮ ಓಣಿಗೆ ನುಗ್ಗಿದ ಲಾರಿ, ಕಂಬದಿಂದ ಕಂಬಕ್ಕೆ ಇಳಿಬಿದ್ದಿದ್ದ ಬ್ರಾಡ್‌ಬ್ಯಾಂಡ್ ವೈರನ್ನು ಮೇವಿನ ಸಮೇತ ಎಳೆದುಕೊಂಡು ಹೋಯಿತು. ಮೂರೂ ಡಬ್ಬಿ ಒಂದೇ ಉಸಿರಿಗೆ ಮೂಕವಾದವು. ವೈರು ಹಾಕಿಕೊಟ್ಟವನು ಕೇಬಲ್ ಶಾರುಖ್, ನನ್ನ ವಾರಿಗೆಯವನೇ. ಫೋನ್ ಮಾಡಿದೆ.

"ನಾಳಿಗಿ ಬಂದೆ ನೋಡ್ರಿ ಸಾಬ್!"

ಅವನ ನಾಳೆ ನಾಲ್ಕು ದಿನ ಬೆಳೆಯಿತು. ಐದನೆಯ ದಿನ ನನ್ನೊಳಗಿನ ಸ್ವಾಭಿಮಾನಿ ಎದ್ದು ಕೂತ.

"ಏ ಶಾರುಖ್, ನಿನ್ನ ವೈರೂ ಬ್ಯಾಡ, ನೀನೂ ಬ್ಯಾಡ! ನನ್ನ ಫೋನಿನ್ಯಾಗ ಇಂಟರ್ನೆಟ್ ತುಂಬಿ ತುಳಕಾಕತ್ತದ!"

"ಸಾಬ್, ಫೋನಿಂದು ಬ್ಯಾರೆ, ಮನಿದು ಬ್ಯಾರೆ…"

"ವೈರ್‌ಲೆಸ್ ಸ್ಪೀಕರಿಗೆ ವೈರ್ ಯಾಕ ಬೇಕು? ಹೇಳು ನೋಡೂಣು!"

ಅವನು ಫೋನ್ ಇಟ್ಟ. ಅದನ್ನು ನಾನು ಸೋಲೆಂದು ಬರೆದುಕೊಂಡೆ. ವಿಜಯದ ಗುರುತಾಗಿ ಗೋಡೆಯ ಮೇಲಿದ್ದ ಬ್ರಾಡ್‌ಬ್ಯಾಂಡ್ ಪೆಟ್ಟಿಗೆಯ ಸ್ವಿಚ್ಚನ್ನು ಟಪ್ಪೆಂದು ಆರಿಸಿ, ಮನೆಮಂದಿಯನ್ನೆಲ್ಲ, ಅಂದರೆ ಇಬ್ಬರನ್ನು, ಹಾಲಿಗೆ ಕರೆದು ಘೋಷಿಸಿದೆ:

"ಇವತ್ತಿನಿಂದ ಈ ಮನಿಗೆ ಬ್ರಾಡ್‌ಬ್ಯಾಂಡ್ ಇಲ್ಲ. ನಾನೇ ಬ್ರಾಡು, ನಾನೇ ಬ್ಯಾಂಡು!"

ಪರಿಮಳಾ ನನ್ನ ಹೊಟ್ಟೆಯನ್ನೊಮ್ಮೆ ನೋಡಿದಳು. "ಬ್ರಾಡ್ ಅಂತೂ ಖರೇನೇ ಅದೀರಿ. ಬ್ಯಾಂಡ್ ಯಾವಾಗ ಬಾರಸ್ತದೋ ನೋಡಬೇಕು."

ನಾನು ತಲೆ ಕೆಡಿಸಿಕೊಳ್ಳಲಿಲ್ಲ. ಫೋನಿನ ಹಾಟ್‌ಸ್ಪಾಟ್ ಹಚ್ಚಿದೆ. ಯಾದಗಿರಿ ಜಿಲ್ಲೆಯವನಿಗೆ ಹಾಟ್‌ಸ್ಪಾಟ್ ಅಂದರೇನೆಂದು ಯಾರೂ ಕಲಿಸಬೇಕಾಗಿಲ್ಲ. ಏಪ್ರಿಲಿನಲ್ಲಿ ನಾವು ಅದರೊಳಗೇ ವಾಸ ಮಾಡುತ್ತೇವೆ. ಮೂರು ಡಬ್ಬಿಯೂ ಫೋನಿಗೆ ಅಂಟಿಕೊಂಡವು. ವಂದನೆ ಮೊಳಗಿತು. ಅವ್ವ ಕೈ ಮುಗಿದಳು. ಆ ನಮಸ್ಕಾರದಲ್ಲಿ ಕಾಲುಭಾಗವಾದರೂ ನನಗೆ ಸೇರಬೇಕು ಅನ್ನಿಸಿತು.

ಮರುದಿನ ಫೋನನ್ನು ಕಿಸೆಯಲ್ಲಿಟ್ಟುಕೊಂಡು ಹಾಲು ತರಲು ಹೋದೆ. ಗೇಟು ದಾಟಿ ಹತ್ತು ಹೆಜ್ಜೆ ಇಟ್ಟಿದ್ದೆನೋ ಇಲ್ಲವೋ, ಹಿಂದಿನಿಂದ ಅವ್ವನ ಕೂಗು.

"ಬುದ್ಯಾ! ಹಾಡು ನಿಂತದ, ಹೊಳ್ಳಿ ಬಾ!"

ಹೊಳ್ಳಿ ಬಂದೆ. ಹಾಡು ಬಂತು. ಹೋದೆ. ನಿಂತಿತು. ಇಂಟರ್ನೆಟ್ ಇರುವುದು ನನ್ನ ಕಿಸೆಯಲ್ಲಿ, ಹಾಗಾಗಿ ನಾನಿದ್ದಲ್ಲಿ ಸಂಗೀತ, ಇಲ್ಲದಲ್ಲಿ ಸ್ಮಶಾನ ಮೌನ. ನನ್ನ ಬದುಕಿನಲ್ಲಿ ಇಷ್ಟು ಬೇಡಿಕೆ ನನಗೆ ಯಾವತ್ತೂ ಇರಲಿಲ್ಲ. ಆದರೆ ಕಚೇರಿಗೆ ಹೋಗಲೇಬೇಕಲ್ಲ!

"ಹಗಲೆಲ್ಲ ಅತ್ತಿ ಸುಮ್ಕ ಕುಂಡ್ರಬೇಕೇನ್ರಿ?" ಎಂದಳು ಪರಿಮಳಾ. "ಶಾರುಖ್‌ಗೆ ಒಂದು ಫೋನ್ ಮಾಡ್ರಿ."

"ಸತ್ರೂ ಮಾಡಂಗಿಲ್ಲ!"

ಸಾಯುವ ಬದಲು ಉಪಾಯ ಹುಡುಕಿದೆ. ನನ್ನ ಫೋನನ್ನು ಮನೆಯಲ್ಲೇ ಬಿಡುವುದು, ನಾನು ಗುಂಡಿ ಒತ್ತುವ ಹಳೆಯ ಸಣ್ಣ ಫೋನಿಗೆ ಬೇರೆ ಸಿಮ್ ಹಾಕಿಕೊಂಡು ಹೋಗುವುದು! ಹೊಸ ನಂಬರನ್ನು ಕಚೇರಿಯವರಿಗೆ, ನೆಂಟರಿಗೆ, ಪರಿಮಳಾಗೆ ಕೊಟ್ಟೆ, ಅವ್ವನಿಗೂ ಬಾಯಿಪಾಠ ಮಾಡಿಸಿದೆ. ಜಗತ್ತಿನಲ್ಲಿ ಬೇರೆ ಯಾರಿಗೂ ನನ್ನ ಜರೂರು ಇರಲಾರದು ಎಂದುಕೊಂಡೆ. ನಮ್ಮ ಓಣಿಗೂ ಟವರಿಗೂ ನಡುವೆ ಮಲಗಿದ ಬುದ್ಧನಂತೆ ಕಾಣುವ ಗುಡ್ಡ ಅಡ್ಡ. ಅವನನ್ನು ಎಬ್ಬಿಸಲು ಆಗುವುದಿಲ್ಲ. ಹುಡುಕಿ ಹುಡುಕಿ ಹಾಲಿನ ಮೆಟ್ಟಿಲ ಕಿಟಕಿಯಲ್ಲಿ ಸಿಗ್ನಲ್ ಹಿಡಿದೆ. ಅಲ್ಲಿಯೇ ಫೋನನ್ನು ಚಾರ್ಜರಿನ ಸಮೇತ ಪ್ರತಿಷ್ಠಾಪಿಸಿದೆ.

ಇಷ್ಟಕ್ಕೆ ನಿಂತಿದ್ದರೆ ಈ ಬರಹವೇ ಇರುತ್ತಿರಲಿಲ್ಲ. ಜಾಣತನಕ್ಕೆ ಬ್ರೇಕ್ ಎಲ್ಲಿದೆ? ಎರಡು ಗಂಟೆಗೆ ಅವ್ವನಿಗೆ ಔಷಧದ ನೆನಪು ಮಾಡಬೇಕು. ಅವಳಿಗೆ ಫೋನ್ ಕಾಣುವುದಿಲ್ಲ, ಎತ್ತಲು ಬರುವುದಿಲ್ಲ. ಅದಕ್ಕೆ ಫೋನನ್ನು ಹಾಲಿನಲ್ಲಿದ್ದ ಸ್ಪೀಕರ್ ಡಬ್ಬಿಗೆ ಬ್ಲೂಟೂತ್‌ನಲ್ಲೂ ಜೋಡಿಸಿ, ಯಾರೂ ಎತ್ತದಿದ್ದರೂ ಎರಡು ರಿಂಗಿಗೆ ಕರೆ ತಾನೇ ಎತ್ತಿಕೊಳ್ಳುವಂತೆ ಮಾಡಿದೆ. ಹಾಡು ತಾನೇ ನಿಲ್ಲುತ್ತದೆ, ಡಬ್ಬಿಯಲ್ಲಿ ನನ್ನ ಧ್ವನಿ ಬರುತ್ತದೆ, ಅವ್ವ ಕೂತಲ್ಲಿಂದಲೇ ಮಾತಾಡಬಹುದು! ಗೇಟಿನ ಹೊರಗೆ ನಿಂತು ಪರೀಕ್ಷೆ ಮಾಡಿದೆ.

"ಅವ್ವಾ, ಕೇಳಸ್ತದೇನು? ಇನ್ನ ಮ್ಯಾಲ ಈ ಡಬ್ಬ್ಯಾಗ ಫೋನ್ ಬರ್ತದ. ಬಂದ್ರ ಮಾತಾಡು!"

"ಆತಪ. ಈಗ ಡಬ್ಬ್ಯಾಗಿಂದ ಹೊರಗ ಬಾ, ರೊಟ್ಟಿ ಆರಾಕತ್ತಾವ."

ಒಂದು ವಾರ ಕಳೆಯಿತು. ದಿನಾ ಸಂಜೆ ಮನೆಗೆ ಬಂದು ನನ್ನ ಫೋನ್ ನೋಡಿದರೆ ಒಂದೇ ಒಂದು ಮಿಸ್ಡ್ ಕಾಲ್ ಇರುತ್ತಿರಲಿಲ್ಲ! ಮೊದಲು ದಿನಕ್ಕೆ ಇಪ್ಪತ್ತು ಮಂದಿ ಕಾಡುತ್ತಿದ್ದರು. "ನನ್ನ ಫೈಲು ಎಲ್ಲಿಗೆ ಬಂತ್ರಿ, ಸಹಿ ಆತೇನ್ರಿ…" ಈಗ ಒಬ್ಬನೂ ಇಲ್ಲ. ಜನ ಸುಧಾರಿಸಿದ್ದಾರೆ ಎಂದು ಹಿಗ್ಗಿದೆ. ಎತ್ತಿಕೊಂಡ ಕರೆ ಮಿಸ್ಡ್ ಕಾಲ್ ಆಗುವುದಿಲ್ಲ ಎಂಬ ಸಣ್ಣ ಸಂಗತಿ ನನ್ನ ದೊಡ್ಡ ತಲೆಗೆ ಹೊಳೆಯಲೇ ಇಲ್ಲ.

ಆದರೆ ಬೇರೆ ಕಡೆ ವಿಚಿತ್ರ ಶುರುವಾಯಿತು. ಹನ್ನೊಂದು ಗಂಟೆಗೆ ನಾನು ಕಚೇರಿಯ ಹಿಂಬಾಗಿಲಿನಿಂದ ಚಹಾಕ್ಕೆ ಹೋಗುತ್ತೇನೆ. ಈ ಗುಟ್ಟು ನನಗೂ ಚಹಾ ಅಂಗಡಿಯವನಿಗೂ ಮಾತ್ರ ಗೊತ್ತು ಎಂದುಕೊಂಡಿದ್ದೆ. ಒಂದು ದಿನ ಅಲ್ಲಿ ಬೆಂಚಿನ ಮೇಲೆ ಗೋಗಿಯ ಖಂಡಪ್ಪ ಕೂತಿದ್ದ. ತನ್ನ ಹೊಲದ ಕಾಗದದ ನಕಲಿಗಾಗಿ ಮೂರು ತಿಂಗಳಿಂದ ನನ್ನನ್ನು ಹುಡುಕುತ್ತಿದ್ದವನು. ಮೂರು ತಿಂಗಳಿಂದ ನಾನು ಅವನಿಗೆ ಸಿಗದಂತೆ ನೋಡಿಕೊಂಡಿದ್ದೆ.

"ಜೈಭೀಮ್ ರಿ ಸಾಹೇಬ್ರ. ಕರೆಕ್ಟ್ ಹನ್ನೊಂದಕ್ಕ ಬಂದ್ರಿ ನೋಡ್ರಿ! ಛಾದಾಗ ಸಕ್ರಿ ಕಮ್ಮಿ ಹಾಕಿಸ್ಕೋರಿ, ಮನ್ಯಾಗ ಬ್ಯಾಡಂದಾರ."

ಬಾಯಿಗೆ ಹೋಗುತ್ತಿದ್ದ ಚಹಾ ಅಂಗಿಯ ಮೇಲೆ ಹೋಯಿತು.

ಮರುದಿನ ಬಸ್ ಸ್ಟ್ಯಾಂಡಿನಲ್ಲಿ ಅಂಬ್ರಪ್ಪ ಎಂಬ, ನಾನು ಮುಖ ನೋಡದ ಮನುಷ್ಯ ಕೈ ಹಿಡಿದುಕೊಂಡ. "ನಿನ್ನಿ ಹೊಟ್ಟಿ ಕೆಟ್ಟಿತ್ತಂತಲ್ರಿ? ಈಗ ಹ್ಯಾಂಗದ? ನನ್ನ ಅರ್ಜಿ ನಿಮ್ಮ ಟೇಬಲ್ಲಿನ ಎಡಗಡಿ ಕಟ್ಟಿನ್ಯಾಗ ಅದಂತ." ಸುತ್ತಲಿನವರು ನನ್ನ ಹೊಟ್ಟೆ ನೋಡಿದರು. ನಾನು ನೆಲ ನೋಡಿದೆ.

ಆ ರಾತ್ರಿ ಊಟಕ್ಕೆ ಕೂತಾಗ ಅವ್ವ ರೊಟ್ಟಿ ಮುರಿಯುತ್ತ ಕೇಳಿದಳು. "ಬುದ್ಯಾ, ಖಂಡಪ್ಪಂದು ನಕಲು ಮೂರು ತಿಂಗಳಾತು ಕೊಟ್ಟಿಲ್ಲಂತ. ಯಾಕ?"

ನನ್ನ ಕೈಯಿಂದ ರೊಟ್ಟಿ ಜಾರಿತು. "ನಿನಗ ಯಾರು ಹೇಳಿದ್ರು?"

"ಡಬ್ಬ್ಯಾಗ ಬಂದಿತ್ತು."

"ಸುದ್ದಿ ಒಳಗ?!"

"ಡಬ್ಬ್ಯಾಗ ಬಂತಪ. ಆ ಮನಷ್ಯಾ ನಾಕು ಸಲ ಆಟೋ ಹತ್ತಿ ಬಂದು ಹೊಳ್ಳಿ ಹೋಗ್ಯಾನಂತ. ಕೊಡಾಕ ನಿನಗೇನು ಆಗ್ಯಾದ?"

ನನ್ನ ನಿದ್ದೆ ಹಾರಿತು. ಶಹಾಪುರದ ಗುಮಾಸ್ತನ ಫೈಲಿನ ಸುದ್ದಿ ಯಾವ ಚಾನೆಲ್ಲಿನವರು ಹೇಳುತ್ತಾರೆ? ಅವ್ವನಿಗೆ ಭ್ರಮೆ ಶುರುವಾಗಿದೆ! ಹಗಲೆಲ್ಲ ಒಬ್ಬಳೇ ಇದ್ದು ಇದ್ದು ತಲೆ ಸ್ವಲ್ಪ ಹೆಚ್ಚುಕಡಿಮೆ ಆಗಿರಬಹುದು. ಪರಿಮಳಾಗೆ ಮೆಲ್ಲಗೆ ಹೇಳಿದೆ.

"ಅತ್ತಿ ತಲಿ ಛಲೋ ಅದ್ರಿ," ಎಂದಳು ಅವಳು ಉತ್ತರ ಪತ್ರಿಕೆಯಿಂದ ಕಣ್ಣೆತ್ತದೆ. "ನಕಲು ಕೊಟ್ಟು ನಿಮ್ಮದು ಛಲೋ ಮಾಡ್ಕೋರಿ."

ಊಟದ ಹೊತ್ತಿನ ವಿಚಾರಣೆ ತಪ್ಪಲಿ ಎಂದು ಮರುದಿನವೇ ಖಂಡಪ್ಪನ ನಕಲು ಕೊಟ್ಟೆ. ಬರೀ ಹತ್ತು ನಿಮಿಷದ ಕೆಲಸ! ಅಂದು ಸಂಜೆ ಅವ್ವ ಇನ್ನೊಬ್ಬರ ಹೆಸರು ತೆಗೆದಳು. ಅದರ ಮರುದಿನ ಮತ್ತೊಬ್ಬರದು. ಹೆಸರು, ಊರು, ತಿಂಗಳು, ಒಂದೂ ತಪ್ಪಿರಲಿಲ್ಲ. ನಾನು ಡಬ್ಬಿಯನ್ನು ಎತ್ತಿ ತಿರುಗಿಸಿ ನೋಡಿದೆ. ಒಳಗೆ ಯಾರೂ ಇರಲಿಲ್ಲ.

ಹೀಗಿರುವಾಗ ನಾರಾಯಣಪುರದ ಡ್ಯಾಮಿನ ಗೇಟು ಎತ್ತಿದರು. ಪಕ್ಕದ ಟೇಬಲ್ಲಿನ ದೇವಿಂದ್ರ ಬಂದು ಕಿವಿಯಲ್ಲಿ ಊದಿದ. "ನೀರು ನೋಡಬೇಕಪ ಈ ಸಲ! ಮ್ಯಾಲ ಬಿಸಿ ಬಿಸಿ ಮೀನು. ಬರ್ತೀಯೇನು?" ಬರುತ್ತೇನೆ ಎಂದೆ. ರಜೆಗೆ ಕಾರಣ ಬೇಕಲ್ಲ? "ತಾಯಿಯವರ ಆರೋಗ್ಯ ತೀವ್ರವಾಗಿ ಹದಗೆಟ್ಟಿರುವುದರಿಂದ" ಎಂದು ಬರೆದು ಯಾದಗಿರಿಗೆ ಹೋಗುವ ಟಪಾಲಿನಲ್ಲಿಟ್ಟೆ. ಅವ್ವನಿಗೆ ಮಾತ್ರ ಖರೆ ಹೇಳಿದೆ, ನೀರು ನೋಡಲು ಹೋಗುತ್ತಿದ್ದೇನೆ ಎಂದು. ಒಂದೇ ದಿನ ಇಬ್ಬರಿಗೆ ಸುಳ್ಳು ಹೇಳುವಷ್ಟು ಕೆಟ್ಟವನಲ್ಲ ನಾನು.

ಡ್ಯಾಮಿನ ಕೆಳಗೆ ಕೃಷ್ಣೆ ಬೆಳ್ಳಗೆ ಭೋರ್ಗರೆಯುತ್ತಿದ್ದಳು. ಮುಖಕ್ಕೆ ತುಂತುರು, ಕೈಯಲ್ಲಿ ಹುರಿದ ಮೀನು. ಸ್ವರ್ಗಕ್ಕೆ ಒಂದೇ ಗೇಣು ಬಾಕಿ. ಆಗ ಕಿಸೆಯಲ್ಲಿ ಸಣ್ಣ ಫೋನು ರಿಂಗಾಯಿತು. ಗುರುತಿಲ್ಲದ ನಂಬರು.

"ಬುದ್ಧಪ್ರಿಯ ಅವರಾ? ನಾನು ಯಾದಗಿರಿ ಆಫೀಸಿಂದ ಮಾತಾಡ್ತಿದ್ದೀನಿ."

ನನ್ನ ಬೆನ್ನು ತಾನೇ ನೆಟ್ಟಗಾಯಿತು. ಜಿಲ್ಲೆಗೆ ಹೊಸದಾಗಿ ಬಂದ ದೊಡ್ಡ ಸಾಹೇಬರು! ಮೈಸೂರಿನ ಕಡೆಯವರು. ಒಂದು ವಾರದ ಹಿಂದೆ ಬಂದಿದ್ದರು, ನಾನಿನ್ನೂ ಮುಖ ನೋಡಿರಲಿಲ್ಲ.

"ನಮಸ್ಕಾರ ರಿ ಸರ್!"

"ನಿಮ್ಮ ತಾಯಿಯವರಿಗೆ ತುಂಬಾ ಸೀರಿಯಸ್ ಅಂತ ಗೊತ್ತಾಯ್ತು. ಹೇಗಿದ್ದಾರೆ?"

ಮೀನನ್ನು ದೇವಿಂದ್ರನ ಕೈಗೆ ಕೊಟ್ಟು, ಗಂಟಲಿಗೆ ಸ್ವಲ್ಪ ಅಳು ತಂದುಕೊಂಡೆ. "ಏನ್ ಹೇಳ್ಲಿ ಸರ್… ಮಾತ ನಿಂತಾವ್ರಿ. ಬಾಜೂಕೇ ಕುಂತೀನಿ, ಕೈ ಹಿಡಕೊಂಡು."

"ಹೌದಾ? ಈಗಷ್ಟೇ ಅರ್ಧ ಗಂಟೆ ಅವರ ಹತ್ರಾನೇ ಮಾತಾಡಿದೆನಲ್ಲ. ನಿಲ್ಲಿಸೋಕೆ ನಾನೇ ಕಷ್ಟಪಟ್ಟೆ. ಈ ನಂಬರ್ ಕೊಟ್ಟಿದ್ದೂ ಅವರೇ."

ನೀರು ಭೋರ್ಗರೆಯುತ್ತಲೇ ಇತ್ತು. ನಾನು ಬತ್ತಿದೆ.

"ಮತ್ತೆ ಅದೇನ್ರೀ ಸದ್ದು? ನಿಮ್ಮ ತಾಯಿಯವರನ್ನ ಡ್ಯಾಮಿನ ಗೇಟ್ ಪಕ್ಕ ಮಲಗಿಸಿದ್ದೀರಾ?"

ಏನೋ ಉತ್ತರ ಕೊಟ್ಟೆ. ಏನೆಂದು ನನಗೂ ನೆನಪಿಲ್ಲ, ಅವರಿಗೂ ತಿಳಿಯಲಿಲ್ಲ. "ನಾಳೆ ಹತ್ತು ಗಂಟೆಗೆ ಯಾದಗಿರಿಗೆ ಬನ್ನಿ. ನಿಮ್ಮ ತಾಯಿ ಹೇಳಿದ ಏಳೂ ಫೈಲು ತನ್ನಿ" ಎಂದು ಫೋನ್ ಇಟ್ಟರು. ದೇವಿಂದ್ರ ಅಷ್ಟರಲ್ಲಿ ನನ್ನ ಮೀನನ್ನೂ ತಿಂದು ಮುಗಿಸಿದ್ದ.

ಮನೆಗೆ ಓಡಿ ಬಂದೆ. ಅವ್ವ, ಅನ್ವರಬಿ ಇಬ್ಬರೂ ಹಾಲಿನಲ್ಲಿ ಎಲೆ ಅಡಿಕೆ ಹಾಕಿಕೊಳ್ಳುತ್ತ ಕೂತಿದ್ದರು.

"ಅವ್ವಾ! ಸಾಹೇಬ್ರ ಜೋಡಿ ಏನು ಮಾತಾಡಿದಿ?"

"ಯಾವ ಸಾಹೇಬ? ಆ ಮೈಸೂರು ಮಾತಿನವನಾ? ಭಾಳ ಛಲೋ ಮನಷ್ಯಾ. ಮಗಾ ಎಲ್ಲದಾನ ಅಂದ, ನೀರು ನೋಡಾಕ ಹೋಗ್ಯಾನ ಅಂದೆ. ನಿಮಗ ಮೈಯಾಗ ಹ್ಯಾಂಗದ ಅಂದ, ನನಗೇನು ಧಾಡಿ, ಗಟ್ಟಿ ಅದೀನಿ ಅಂದೆ."

ಅನ್ವರಬಿ ನಕ್ಕಳು. "ಮದುವಿ ಆಗ್ಯಾದೇನು ಅಂತ ಭೀ ಕೇಳ್ಯಾಳಪ್ಪ. ಹೋಳಿಗಿ ತಿನ್ನಾಕ ಕರದಾಳ."

"ನೀ ಡಬ್ಬ್ಯಾಗ ಬಂತು ಅಂದ್ಯಲ್ಲವ್ವಾ! ಫೋನ್ ಅಂತ ಹೇಳಬಾರದೇನು?"

ಅವ್ವನ ಮಂಜು ಕಣ್ಣುಗಳು ನನ್ನ ಕಡೆ ತಿರುಗಿದವು. "ಡಬ್ಬ್ಯಾಗ ಫೋನ್ ಬರ್ತದ, ಬಂದ್ರ ಮಾತಾಡು ಅಂತ ನೀನೇ ಹೇಳಿದಿ. ದಿನಾ ಹದಿನೈದು ಮಂದಿ ಮಾಡ್ತಾರ. ಎಲ್ಲಾರ ಜೋಡಿ ಮಾತಾಡೀನಿ. ನೀ ಉಣ್ಣುವಾಗ ಹೇಳಿದ್ದು, ಛಾದ ಹೊತ್ತು, ಟೇಬಲ್ಲಿನ ಕಟ್ಟು, ಎಲ್ಲಾ ಹೇಳೀನಿ. ಹೆಸರು ಮರಿಲಾರದಂಗ ಇಟಗೊಂಡೀನಿ. ಬರಿಲಾಕ ನನಗ ಕಣ್ಣೆಲ್ಲಿ ಅದಾವಪ?"

ತಲೆ ಕೆಟ್ಟಿದೆ ಎಂದುಕೊಂಡಿದ್ದೆನಲ್ಲ, ಆ ತಲೆಯೊಳಗೆ ನನ್ನ ಟೇಬಲ್ಲಿನ ಮೇಲಿನ ಕಟ್ಟುಗಳೆಲ್ಲ ಊರುವಾರು ಜೋಡಿಸಿಟ್ಟಂತೆ ಕೂತಿದ್ದವು!

ಮರುದಿನ ಯಾದಗಿರಿಯಲ್ಲಿ ಸಾಹೇಬರು ಗದರಲಿಲ್ಲ. ಗದರಿದ್ದರೆ ಚೆನ್ನಾಗಿತ್ತು. ಏಳು ಹೆಸರಿನ ಚೀಟಿ ಮುಂದಿಟ್ಟು, ಒಂದೊಂದು ಫೈಲನ್ನೂ ನನ್ನ ಕೈಯಲ್ಲೇ ಮುಗಿಸಿಸಿದರು. ಒಟ್ಟು ಒಂದೂವರೆ ಗಂಟೆ ಹಿಡಿಯಿತು. ಆಮೇಲೆ ರಜೆ ಅರ್ಜಿಯನ್ನು ನನ್ನ ಕಡೆ ಸರಿಸಿದರು. "ಕಾರಣ ತಪ್ಪಾಗಿದೆ. ಸರಿಯಾದದ್ದು ಬರೆದುಕೊಡಿ, ಮಂಜೂರು ಮಾಡ್ತೀನಿ." ಹದಿನೆಂಟು ವರ್ಷದ ನೌಕರಿಯಲ್ಲಿ ಮೊದಲ ಸಲ ಖರೆ ಬರೆದೆ: "ಡ್ಯಾಮಿನ ನೀರು ನೋಡುವ ಸಲುವಾಗಿ." ಎರಡು ಸಲ ಹೊಡೆದು ಬರೆಯಬೇಕಾಯಿತು. ಅಭ್ಯಾಸ ಇರಲಿಲ್ಲ.

ಬಸ್ಸಿನಲ್ಲಿ ಬರುತ್ತ ಸ್ವಾಭಿಮಾನವನ್ನು ಮಡಚಿ ಕಿಸೆಯಲ್ಲಿಟ್ಟು ಶಾರುಖ್‌ಗೆ ಫೋನ್ ಮಾಡಿದೆ.

"ಶಾರುಖ್ ಭಾಯಿ, ಒಂದ್ಸಲ ಬಂದು ಆ ವೈರ್ ಜೋಡ್ಸಿ ಕೊಡಪಾ."

"ಸಾಬ್, ನೀವು ಬೈದ್ರಲ್ಲ, ಅವತ್ತೇ ಸಂಜಿಗಿ ಬಂದು ಕಂಬದ ಮ್ಯಾಲ ಜೋಡ್ಸಿ ಹೋಗೀನ್ರಿ. ತಿಂಗಳಾತು. ಪೆಟ್ಟಿಗಿ ಸ್ವಿಚ್ ಹಾಕೀರೇನು?"

ಬಸ್ಸಿನಲ್ಲಿ ಯಾರಾದರೂ ಕೇಳಿಸಿಕೊಂಡರೇನೋ ಎಂದು ಆಚೀಚೆ ನೋಡಿದೆ. ಮನೆಗೆ ಬಂದು, ಪರಿಮಳಾ ಅಡುಗೆಮನೆಯಲ್ಲಿ ಇರುವುದನ್ನು ಖಾತ್ರಿ ಮಾಡಿಕೊಂಡು, ಕಳ್ಳನಂತೆ ಸ್ವಿಚ್ ಹಾಕಿದೆ. ಪೆಟ್ಟಿಗೆಯಲ್ಲಿ ಹಸಿರು ದೀಪ ಕಣ್ಣು ಹೊಡೆಯಿತು. ಮೂರು ಡಬ್ಬಿಯೂ ಒಟ್ಟಿಗೆ ಹಾಡಿದವು.

"ಶಾರುಖ್ ಬಂದಿದ್ದೇನ್ರಿ?" ಒಳಗಿನಿಂದ ಪರಿಮಳಾ.

"ಬಂದು ಹೋದ," ಎಂದೆ. ಸುಳ್ಳಲ್ಲ. ಯಾವಾಗ ಎಂದು ಅವಳು ಕೇಳಲಿಲ್ಲ.

ನನ್ನ ಫೋನು ನನ್ನ ಕಿಸೆಗೆ ಮರಳಿತು. ಆದರೆ ಅವ್ವನ ಮುಖ ಬಾಡಿತು. ಬೆಳಿಗ್ಗೆಯಿಂದ ಸಂಜೆಯವರೆಗೆ ಹಾಡು ಕಡಿಯದೆ ಬರುತ್ತಿತ್ತು, ಅವಳು ಡಬ್ಬಿಯ ಕಡೆ ಕಿವಿ ಕೊಟ್ಟು ಕೂತಿರುತ್ತಿದ್ದಳು. ಮೂರನೆಯ ದಿನ ಗುಂಡಿ ಒತ್ತಿ ಆರಿಸಿದಳು. "ಹಾಡು ಎಷ್ಟಂತ ಕೇಳೋದಪ? ಅದಕ್ಕ ನಾವು ಮಾತಾಡಿದ್ದು ಕೇಳಂಗಿಲ್ಲ. ಮಂದಿ ಮಾತಾಡ್ತಿದ್ರು, ಹೊತ್ತು ಹೋಗ್ತಿತ್ತು."

ಪರಿಮಳಾ ನನ್ನನ್ನು ನೋಡಿದಳು. ಮರುದಿನ ಆ ಸಣ್ಣ ಫೋನನ್ನು ಅವ್ವನ ಕೈಗೆ ಕೊಟ್ಟು, ಹಸಿರು ಗುಂಡಿ ಎಲ್ಲಿದೆ ಎಂದು ಬೆರಳು ಹಿಡಿದು ತೋರಿಸಿದಳು. ಎರಡು ದಿನದಲ್ಲಿ ಅವ್ವ ಕಲಿತಳು.

ನಾನು ಕಚೇರಿಯಲ್ಲಿ ಹೊಸ ಮನುಷ್ಯನಾಗಿ ಕೂತಿದ್ದೆ. ಟೇಬಲ್ಲು ಖಾಲಿ, ಮನಸ್ಸು ಹಗುರ. ಇನ್ನು ಮೇಲೆ ಯಾರ ಕರೆ ಬಂದರೂ ಮೊದಲ ರಿಂಗಿಗೇ ಎತ್ತಬೇಕು, ಅರ್ಧ ದಿನದಲ್ಲಿ ಕೆಲಸ ಮಾಡಿಕೊಡಬೇಕು ಎಂದು ತೀರ್ಮಾನಿಸಿದ್ದೆ. ಅಷ್ಟರಲ್ಲಿ ಫೋನ್ ರಿಂಗಾಯಿತು. ಬಳಿಚಕ್ರದ ಕಡೆಯ ಯಾರೋ ಹೆಣ್ಣುಮಗಳು. ಗಂಟಲು ಸರಿಮಾಡಿಕೊಂಡು, ಸಾಕ್ಷಾತ್ ಸೇವೆಯೇ ಮೂರ್ತಿವೆತ್ತಂತೆ ಹೇಳಿದೆ:

"ಹೇಳ್ರಿ ತಾಯಿ, ನಾನು ಬುದ್ಧಪ್ರಿಯ ಮಾತಾಡಾಕತ್ತೇನಿ. ಏನು ಕೆಲಸ ಆಗಬೇಕು?"

ಆ ಕಡೆ ಆಕೆ ನಿಟ್ಟುಸಿರು ಬಿಟ್ಟಳು.

"ನಿಮ್ಮ ಕಡಿಂದ ಆಗೋದಲ್ಲ ಬಿಡ್ರಿ ಸಾಹೇಬ್ರ. ಅವ್ವಾರ ನಂಬರ್ ಇದ್ರ ಕೊಡ್ರಿ."